ನೋಯದ ಗಂಟು, ಮುಂದೂಡಿದ ಮಾತು

ಸ್ತನ ಕ್ಯಾನ್ಸರಿನ ಗಂಟು ಆರಂಭದಲ್ಲಿ ಬಹುಮಟ್ಟಿಗೆ ನೋಯುವುದಿಲ್ಲ. ನೋಯದ್ದನ್ನು ಮನೆಯಲ್ಲಿ ಹೇಳುವುದು ಹೇಗೆಂಬ ಸಂಕೋಚದಿಂದ ಅಥಣಿ, ರಾಯಬಾಗ ಸೀಮೆಯ ಹೊಲಗೆಲಸದ ಹೆಣ್ಣುಮಗಳು ಕಬ್ಬಿನ ಹಂಗಾಮು ಮುಗಿಯಲೆಂದು ಸುಮ್ಮನಿದ್ದುಬಿಡಬಹುದು. ಸಬಲೀಕರಣ, ಅಂದರೆ ತನ್ನ ಬದುಕಿನ ನಿರ್ಧಾರವನ್ನು ತಾನೇ ಕೈಗೊಳ್ಳುವ ಶಕ್ತಿ, ಇಲ್ಲಿ ದೇಹದ ಬದಲಾವಣೆಯನ್ನು ಗುರುತಿಸಿ ಬಾಯಿಬಿಟ್ಟು ಹೇಳುವುದರಿಂದಲೇ ಮೊದಲಾಗುತ್ತದೆ. ಆ ಶಕ್ತಿ ಈ ನೆಲಕ್ಕೆ ಹೊಸದಲ್ಲ: 1980ರ ದಶಕದ ಆರಂಭದಲ್ಲಿ ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘಟಿತರಾಗಿ ಕೂಲಿಗಾಗಿ, ಘನತೆಗಾಗಿ ಮಾಲೀಕರ ಎದುರು ನಿಂತಿದ್ದರು.

ಆಫ್ರಿಕದ ಅನೇಕ ದೇಶಗಳಲ್ಲಿಯೂ ಭಾರತದಲ್ಲಿಯೂ ತಡವಾದ ಪತ್ತೆಯೇ ದೊಡ್ಡ ತೊಡಕಾಗಿರುವುದರಿಂದ, ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಆರಂಭಿಸಿದ ಸ್ತನ ಕ್ಯಾನ್ಸರ್ ಕಾರ್ಯಕ್ರಮವು, ವೈದ್ಯರನ್ನು ಕಂಡ 60 ದಿನಗಳೊಳಗೆ ರೋಗನಿರ್ಣಯವಾಗಬೇಕು, ರೋಗಿಗಳಲ್ಲಿ ಶೇ. 80ರಷ್ಟು ಮಂದಿಯಾದರೂ ಚಿಕಿತ್ಸೆಯನ್ನು ಪೂರ್ಣಗೊಳಿಸಬೇಕು ಎಂಬ ಗುರಿಗಳನ್ನು ಇಟ್ಟುಕೊಂಡಿದೆ. ಇವುಗಳಲ್ಲಿ ಎರಡನೆಯದೇ ಹೆಚ್ಚು ಕಠಿಣವೆನಿಸುತ್ತದೆ. ಕ್ಯಾನ್ಸರ್ ಕೋಶಗಳನ್ನು ಔಷಧಿಯಿಂದ ನಾಶಪಡಿಸುವ ಕೀಮೋಥೆರಪಿಯನ್ನು ವಾರಗಳ ಅಂತರದಲ್ಲಿ ಮತ್ತೆ ಮತ್ತೆ ಪಡೆಯಬೇಕಾಗುವುದರಿಂದ, ಕಾಗವಾಡದಿಂದ ಮಿರಜಿಗೋ ಚಿಕ್ಕೋಡಿಯಿಂದ ಬೆಳಗಾವಿಗೋ ಹೋಗಿಬರುವ ಖರ್ಚು, ತಪ್ಪಿದ ಕೂಲಿ, ಕೂದಲುದುರಿದ ತಲೆಯತ್ತ ತಿರುಗುವ ನೋಟಗಳು, ಎಲ್ಲವೂ ಒಟ್ಟಿಗೆ ಹೆಗಲೇರುತ್ತವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗಿನ ಚಿಕಿತ್ಸಾ ನೆರವನ್ನು ಕೊಡುತ್ತದೆಯಾದರೂ, ಪ್ರತಿ ಸಲವೂ ರೋಗಿಯ ಜೊತೆಗೆ ಬಸ್ಸು ಹತ್ತುವವರು ಯಾರೆಂಬುದನ್ನು ಮನೆಯವರೂ ಸ್ವಸಹಾಯ ಸಂಘದ ಗೆಳತಿಯರೂ ಕೂಡಿಯೇ ಗೊತ್ತುಮಾಡಬೇಕಾಗುತ್ತದೆ. 30 ವರ್ಷ ದಾಟಿದ ಮಹಿಳೆಯರಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ ತಪಾಸಣೆಯ ವ್ಯವಸ್ಥೆಯಿದ್ದು, ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತಿಳಿಯುತ್ತದೆ.