ಸೈನಿಕನ ಮನೆಯ ಪ್ರಾರ್ಥನೆ



ಚನ್ನಗಿರಿಯ ಅಡಿಕೆ ತೋಟದ ಬದಿಯ ರಸ್ತೆಯಲ್ಲೋ, ಹೊನ್ನಾಳಿಯ ಹೊಳೆ ದಂಡೆಯಲ್ಲೋ, ನ್ಯಾಮತಿಯ ಶಾಲಾ ಮೈದಾನದಲ್ಲೋ, ಜಗಳೂರಿನ ಮೆಕ್ಕೆಜೋಳದ ಹೊಲಗಳ ನಡುವಿನ ದಾರಿಯಲ್ಲೋ ಹುಡುಗರು ಬೆವರು ಸುರಿಸಿ ಓಡುವುದನ್ನು ನೀವು ಕಂಡಿರುತ್ತೀರಿ. ಸೇನಾ ಭರ್ತಿ ರ‍್ಯಾಲಿಗೆ ಅದು ತಯಾರಿ. 1.6 ಕಿಲೋಮೀಟರ್ ಓಡಬೇಕು, 9 ಅಡಿ ಅಗಲದ ಹಳ್ಳ ಜಿಗಿಯಬೇಕು, ಕಂಬಿ ಹಿಡಿದು ಮೈ ಮೇಲೆತ್ತಬೇಕು. ಅಷ್ಟೂ ಆಗಿ ಆಯ್ಕೆಯಾದವನು ಊರಿನ ಹೆಮ್ಮೆ. ಆದರೆ ಆಯ್ಕೆಯಾದ ಮೇಲಿನ ಅವನ ಬಾಳು ಹೇಗಿರುತ್ತದೆ ಎಂದು ನಾವು ಕೇಳುವುದು ಕಡಿಮೆ.

ಹಾಗೆ ಸೇನೆ ಸೇರಿ ಖಾಯಂ ಸೈನಿಕನಾಗಿರುವ ಕ್ರೈಸ್ತ ಯುವಕನೊಬ್ಬನನ್ನು ಇಂದು ಮನಸ್ಸಿಗೆ ತಂದುಕೊಳ್ಳೋಣ. ಮನೆಯಲ್ಲಿ ವಯಸ್ಸಾಗುತ್ತಿರುವ ತಂದೆತಾಯಿ, ಮದುವೆಯಾಗಿ ಬಂದ ಎಳೆಯ ಹೆಂಡತಿ, ತೊಟ್ಟಿಲಲ್ಲಿ ಕೂಸು. ಬಾಲ್ಯದಿಂದ ಭಾನುವಾರ ತಪ್ಪದೆ ಚರ್ಚಿಗೆ ಹೋದವನು. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯಮಾತೆಯ ಸನ್ನಿಧಿಗೆ ಮನೆಯವರೊಂದಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದವನು. ಈಗ ಅವನ ಮೇಲೆ ಮೂರು ಹೊಣೆ. ಕವಾಯತು ಕರೆಯುತ್ತದೆ, ದೇವರ ಮನೆ ಕರೆಯುತ್ತದೆ, ಮಗು ಕರೆಯುತ್ತದೆ. ಮೂರನ್ನೂ ಅವನು ಹೇಗೆ ನಡೆಸಿಕೊಂಡು ಹೋದಾನು?

ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರವಿರಲಿ, ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿನ ಕೇಂದ್ರವಿರಲಿ, ತರಬೇತಿಯ ದಿನ ನಸುಕಿನಲ್ಲೇ ಶುರು. ಓಟ, ಡ್ರಿಲ್, ಗುರಿ ಅಭ್ಯಾಸ, ಬೆನ್ನ ಮೇಲೆ ಭಾರ ಹೊತ್ತು ಮೈಲಿಗಟ್ಟಲೆ ನಡಿಗೆ. ತರಬೇತಿ ಮುಗಿದಾಗ ಕಸಂ ಪರೇಡ್ ನಡೆಯುತ್ತದೆ. ರಾಷ್ಟ್ರಧ್ವಜದ ಮುಂದೆ, ತಂತಮ್ಮ ಧರ್ಮಗ್ರಂಥದ ಸಾಕ್ಷಿಯಲ್ಲಿ ಹುಡುಗರು ಪ್ರತಿಜ್ಞೆ ಮಾಡುತ್ತಾರೆ. ಗೀತೆಯೂ ಅಲ್ಲಿರುತ್ತದೆ, ಕುರಾನ್, ಗುರು ಗ್ರಂಥ ಸಾಹೇಬ್, ಬೈಬಲ್ ಕೂಡ ಇರುತ್ತವೆ. ಸಂವಿಧಾನಕ್ಕೆ ನಿಷ್ಠನಾಗಿರುತ್ತೇನೆ, ಕಳಿಸಿದಲ್ಲಿಗೆ ಹೋಗುತ್ತೇನೆ, ಪ್ರಾಣಕ್ಕೆ ಅಪಾಯವಿದ್ದರೂ ಆಜ್ಞೆ ಪಾಲಿಸುತ್ತೇನೆ ಎಂಬುದು ಆ ಪ್ರತಿಜ್ಞೆಯ ಸಾರ. ಮಗನನ್ನು ದೇಶಕ್ಕೆ ಕೊಟ್ಟ ತಂದೆತಾಯಿಗೆ ಗೌರವ ಪದಕ ತೊಡಿಸುವ ಪದ್ಧತಿಯೂ ಉಂಟು. ದೇಶಕ್ಕೆ ಕೊಡುವ ಮಾತಿಗೆ ದೇವರನ್ನೇ ಸಾಕ್ಷಿ ಕರೆದಿದ್ದಾನೆ ಎಂದಮೇಲೆ ಅವನ ಶ್ರದ್ಧೆಗೂ ಕರ್ತವ್ಯಕ್ಕೂ ಅಂದೇ ಗಂಟು ಬಿದ್ದಿದೆ.

ನಮ್ಮ ಸೇನೆಯಲ್ಲಿ ಧರ್ಮಗುರುಗಳೂ ಸೈನಿಕರೇ. ಪಂಡಿತರು, ಮೌಲವಿಗಳು, ಗ್ರಂಥಿಗಳು, ಪಾದ್ರಿಗಳು ನಾಯಬ್ ಸುಬೇದಾರ್ ದರ್ಜೆಯಲ್ಲಿ ಸೇರುತ್ತಾರೆ. ಪುಣೆಯ ರಾಷ್ಟ್ರೀಯ ಭಾವೈಕ್ಯ ಸಂಸ್ಥೆಯಲ್ಲಿ ಒಟ್ಟಿಗೆ ಕಲಿಯುತ್ತಾರೆ. ಅನೇಕ ಯೂನಿಟ್‌ಗಳಲ್ಲಿ ಸರ್ವಧರ್ಮ ಸ್ಥಳವಿದೆ. ಒಂದೇ ಸೂರಿನಡಿ ಎಲ್ಲರ ದೇವರಿಗೂ ಜಾಗ. ಸಂತೇಬೆನ್ನೂರಿನಲ್ಲಿ ಪುಷ್ಕರಣಿಯನ್ನೂ ಅದರ ಎದುರಿನ ಮುಸಾಫಿರ್‌ಖಾನೆಯನ್ನೂ ಒಟ್ಟಿಗೆ ನೋಡುತ್ತಾ ಬೆಳೆದ ಚನ್ನಗಿರಿ ಸೀಮೆಯವರಿಗೆ ಇದು ಹೊಸದೇನಲ್ಲ.

ಹಾಗೆಂದು ಎಲ್ಲವೂ ಸಲೀಸು ಎನ್ನಲಾಗದು. ತನ್ನ ರೆಜಿಮೆಂಟಿನ ಪೂಜಾಸ್ಥಳದ ಗರ್ಭಗುಡಿಯೊಳಗೆ ಹೋಗಲು ಒಪ್ಪದ ಕ್ರೈಸ್ತ ಅಧಿಕಾರಿಯೊಬ್ಬರನ್ನು ಸೇನೆ 2021ರಲ್ಲಿ ವಜಾ ಮಾಡಿತು. ಆ ಆದೇಶವನ್ನು 2025ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿಯಿತು, ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಧ್ಯೆ ಬರಲಿಲ್ಲ. ತನ್ನ ಅಂತಃಸಾಕ್ಷಿ ಒಪ್ಪದ ಆಚರಣೆಯನ್ನು ಮಾಡಲಾರೆ ಎಂಬುದು ಅವರ ವಾದ. ಜೊತೆಗಿರುವ ಜವಾನರ ಒಗ್ಗಟ್ಟು ಮೊದಲು ಎಂಬುದು ಸೇನೆಯ ನಿಲುವು. ಎರಡು ಮಾತಿನ ಹಿಂದೆಯೂ ತೂಕವಿದೆ. ಗುಂಡು ಹಾರುವ ಜಾಗದಲ್ಲಿ ಪಕ್ಕದವನ ಜೀವ ನನ್ನ ಕೈಯಲ್ಲಿ, ನನ್ನದು ಅವನ ಕೈಯಲ್ಲಿ. ಅಲ್ಲಿ ಅವನ ಪ್ರಾರ್ಥನೆಯ ಹೊತ್ತಿಗೆ ನಾನು ಗೌರವದಿಂದ ನಿಲ್ಲಬೇಕು, ನನ್ನ ಪ್ರಾರ್ಥನೆಯ ಹೊತ್ತಿಗೆ ಅವನು ನಿಲ್ಲಬೇಕು. ಸಾವಿರಾರು ಕ್ರೈಸ್ತ ಸೈನಿಕರು ದಿನವೂ ಬದುಕುತ್ತಿರುವುದು ಹೀಗೆ. ಅವರ ನಂಬಿಕೆ ಅದರಿಂದ ತೆಳುವಾಗಿಲ್ಲ.

ಭಾನುವಾರದ ಆರಾಧನೆ ಅವನಿಗೆ ಎಷ್ಟೋ ಸಲ ತಪ್ಪುತ್ತದೆ. ಪ್ರತಿ ಯೂನಿಟ್ಟಿನಲ್ಲೂ ಪಾದ್ರಿ ಇರುವುದಿಲ್ಲ. ಕ್ರಿಸ್ಮಸ್ ರಾತ್ರಿ ಊರಲ್ಲಿ ಗಂಟೆ ಬಾರಿಸುವಾಗ ಅವನು ಪಹರೆಯಲ್ಲಿರಬಹುದು. ಹಾಗಿದ್ದರೆ ಸೈನಿಕನ ಭಕ್ತಿ ಎಲ್ಲಿದೆ? ಬೈಬಲ್ಲಿನಲ್ಲಿ ಇದಕ್ಕೆ ಬಲವಾದ ಉತ್ತರವಿದೆ. ಸ್ನಾನಿಕ ಯೋಹಾನನ ಬಳಿಗೆ ಸೈನಿಕರೂ ಬಂದು, ನಾವೇನು ಮಾಡಬೇಕು ಎಂದು ಕೇಳುತ್ತಾರೆ. ಆತ ಅವರಿಗೆ ಕೆಲಸ ಬಿಡಿ ಎನ್ನಲಿಲ್ಲ. ಯಾರನ್ನೂ ಬೆದರಿಸಿ ಸುಲಿಯಬೇಡಿ, ಬರುವ ಸಂಬಳದಲ್ಲಿ ತೃಪ್ತರಾಗಿರಿ ಎಂಬರ್ಥದ ಬುದ್ಧಿ ಹೇಳಿದ. ಆಯುಧ ಹಿಡಿದ ಕೈ ನಿರಪರಾಧಿಯ ಮುಂದೆ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಸೈನಿಕನ ಆರಾಧನೆ.

ಕಪೆರ್ನೌಮಿನ ಶತಾಧಿಪತಿಯ ಕಥೆ ಇನ್ನೂ ಹತ್ತಿರದ್ದು. ನೂರು ಜನ ಸಿಪಾಯಿಗಳ ಮೇಲಿನ ರೋಮನ್ ಅಧಿಕಾರಿ ಆತ. ಆಜ್ಞೆ ಕೊಡಲೂ ಬಲ್ಲ, ಪಾಲಿಸಲೂ ಬಲ್ಲ. ಅಂಥವನು ತನ್ನ ಮನೆಯ ಆಳು ಕಾಯಿಲೆ ಬಿದ್ದನೆಂದು ಕಳವಳಪಟ್ಟು ಯೇಸುವಿಗೆ ಮೊರೆಯಿಡುತ್ತಾನೆ. ಇಷ್ಟು ದೊಡ್ಡ ವಿಶ್ವಾಸವನ್ನು ತನ್ನವರಲ್ಲೂ ಕಂಡಿಲ್ಲವೆಂದು ಯೇಸು ಬೆರಗಾದರೆಂದು ಶುಭಸಂದೇಶ ಹೇಳುತ್ತದೆ. ಆ ವಿಶ್ವಾಸ ಹೊರಟದ್ದು ಮನೆಯವರ ಮೇಲಿನ ಕಾಳಜಿಯಿಂದ. ಶಿಸ್ತು, ಶ್ರದ್ಧೆ, ಮನೆಯ ಅಕ್ಕರೆ ಮೂರೂ ಒಬ್ಬನಲ್ಲೇ ಸೇರಿದಾಗ ಒಂದು ಮತ್ತೊಂದನ್ನು ಬಲಪಡಿಸುತ್ತದೆ.

ಇನ್ನು ಮನೆಯ ಮಾತು. ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಸಾಂದರ್ಭಿಕ ರಜೆ. ಅದೂ ಯೂನಿಟ್ಟಿನ ಪರಿಸ್ಥಿತಿ ನೋಡಿಕೊಂಡು. ಪೀಸ್ ಸ್ಟೇಷನ್ನಿನಲ್ಲಿ, ಅಂದರೆ ಶಾಂತ ನೆಲೆಯಲ್ಲಿ, ಇದ್ದರೆ ಕ್ವಾರ್ಟರ್ಸ್ ಸಿಕ್ಕಾಗ ಹೆಂಡತಿ ಮಕ್ಕಳು ಜೊತೆಗಿರಬಹುದು. ಫೀಲ್ಡ್ ಪೋಸ್ಟಿಂಗ್ ಬಂದರೆ ಆ ಅವಕಾಶವಿಲ್ಲ. ನಾಲ್ಕು ವರ್ಷಕ್ಕೆಂದು ಸೇರುವ ಅಗ್ನಿವೀರರಂತೂ ಆ ಅವಧಿಯಲ್ಲಿ ಮದುವೆಯೇ ಆಗುವಂತಿಲ್ಲ, ಮುಂದೆ ಖಾಯಂ ಆಗುವವರು ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬರು. ಸಂಸಾರದ ಯೋಚನೆ ಅಲ್ಲಿಯವರೆಗೆ ಕಾಯಬೇಕು. ಖಾಯಂ ಸೈನಿಕನ ಮಗು ಅಂಬೆಗಾಲಿಡುವುದು, ಮೊದಲ ಮಾತು ಆಡುವುದು, ಅದರ ದೀಕ್ಷಾಸ್ನಾನ, ಇವೆಲ್ಲ ಬಹಳ ಸಲ ಫೋನಿನ ಪರದೆಯಲ್ಲೇ ನಡೆದುಹೋಗುತ್ತವೆ. ಸಿಗ್ನಲ್ ಇಲ್ಲದ ಕಡೆ ಅದೂ ಇಲ್ಲ. ರಜೆಗೆ ಬಂದ ಅಪ್ಪನನ್ನು ಗುರುತಿಸದೆ ಕೂಸು ಅಜ್ಜಿಯ ಸೆರಗು ಹಿಡಿದು ಅತ್ತರೆ, ಆ ಗಟ್ಟಿ ಮನುಷ್ಯನ ಕಣ್ಣೂ ಒದ್ದೆಯಾಗುತ್ತದೆ.

ಈ ಲೆಕ್ಕದಲ್ಲಿ ಸಮಯವನ್ನು ಮೂರು ಸಮಪಾಲು ಮಾಡಲು ಯಾರಿಂದಲೂ ಆಗದು. ಆಗುವುದು ಒಂದೇ: ಇದ್ದ ಕಡೆ ಪೂರ್ತಿ ಮನಸ್ಸಿನಿಂದ ಇರುವುದು. ಪಹರೆಯಲ್ಲಿ ಎಚ್ಚರವಾಗಿ, ಪ್ರಾರ್ಥನೆಯಲ್ಲಿ ಪ್ರಾಮಾಣಿಕವಾಗಿ, ರಜೆಯಲ್ಲಿ ಮೊಬೈಲು ಬದಿಗಿಟ್ಟು ಮಗುವಿನೊಂದಿಗೆ ನೆಲದ ಮೇಲೆ ಕೂತು. ಉಳಿದ ಅರ್ಧ ಭಾರವನ್ನು ಹೊರುವವಳು ಮನೆಯಲ್ಲಿರುವ ಆ ಹೆಣ್ಣುಮಗಳು. ಮಗುವಿಗೆ ಜ್ವರ ಬಂದಾಗ ರಾತ್ರಿ ಎದ್ದು ಕೂರುವವಳು ಅವಳು. ಅತ್ತೆ ಮಾವನ ಔಷಧಿ, ಬ್ಯಾಂಕಿನ ಕೆಲಸ, ಹೊಲದ ಬಿತ್ತನೆ, ಸಂಜೆಯ ಜಪಸರ ಎಲ್ಲ ಅವಳದೇ.

ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ ಅವರ ಮನೆಯನ್ನು ಇಲ್ಲಿ ನೆನೆಯಲೇಬೇಕು. ಇಂದಿನ ಜಾರ್ಖಂಡಿನ ಗುಮ್ಲಾ ಜಿಲ್ಲೆಯ ಜಾರಿ ಗ್ರಾಮದಲ್ಲಿ 1942ರಲ್ಲಿ ಹುಟ್ಟಿದ ಆದಿವಾಸಿ ಕ್ರೈಸ್ತ. 1962ರಲ್ಲಿ ಸೇನೆ ಸೇರಿದರು. 1971ರ ಯುದ್ಧದಲ್ಲಿ, ಡಿಸೆಂಬರ್ ಮೊದಲ ವಾರ, ಅಗರ್ತಲಾಕ್ಕೆ ಸಮೀಪದ ಗಂಗಾಸಾಗರದಲ್ಲಿ 14 ಗಾರ್ಡ್ಸ್ ಪಡೆ ಶತ್ರುನೆಲೆಯ ಮೇಲೆ ನುಗ್ಗಿದಾಗ, ಜೊತೆಗಾರರನ್ನು ಕೆಡವುತ್ತಿದ್ದ ಮೆಷಿನ್ ಗನ್ನಿನ ಮೇಲೆ ಎಕ್ಕಾ ಒಬ್ಬರೇ ಬಯೋನೆಟ್ ಹಿಡಿದು ಎರಗಿದರು. ಗಾಯಗೊಂಡ ಮೇಲೂ ಮುಂದಿನ ಕಟ್ಟಡದ ಗನ್ನನ್ನು ಗ್ರೆನೇಡ್ ಎಸೆದು, ಗೋಡೆ ಹತ್ತಿ, ಬಾಯಿ ಮುಚ್ಚಿಸಿದರು. ಆ ಗಾಯಗಳಿಂದಲೇ ಅಸುನೀಗಿದರು. ಆ ಯುದ್ಧದ ಪೂರ್ವ ರಂಗದಲ್ಲಿ ಸಂದ ಏಕೈಕ ಪರಮವೀರ ಚಕ್ರ ಅವರದು. 2023ರ ಜನವರಿ 23ರಂದು ಅಂಡಮಾನಿನ ದ್ವೀಪವೊಂದಕ್ಕೆ ಅವರ ಹೆಸರಿಟ್ಟರು.

ಅವರು ಹೋದಾಗ ಮನೆಯಲ್ಲಿ ಪತ್ನಿ ಬಲಮ್‌ದೀನ್, ಎಳೆಯ ಮಗ ವಿನ್ಸೆಂಟ್. ಆ ತಾಯಿ ಮಗನನ್ನು ಬೆಳೆಸಿದರು, ಗಂಡನ ಹೆಸರನ್ನು ಉಳಿಸಿದರು. ಗಂಡನ ಸಮಾಧಿ ಇದ್ದದ್ದು ದೂರದ ತ್ರಿಪುರಾದಲ್ಲಿ. ಅಲ್ಲಿಯ ಮಣ್ಣು ಊರಿಗೆ ಬರಲು ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಮುಂದೆ ಆ ತಾಯಿಯೂ ಕಣ್ಮುಚ್ಚಿದರು. ಎಕ್ಕಾ ಅವರ ಹೋರಾಟ ಒಂದು ರಾತ್ರಿಯದು, ಬಲಮ್‌ದೀನ್ ಅವರದು ನಾಲ್ಕು ದಶಕ ಮೀರಿದ್ದು. ಪದಕ ಒಂದಕ್ಕೆ ಸಂದಿತು, ಇನ್ನೊಂದನ್ನು ನಾವು ಗುರುತಿಸಬೇಕು.

ಆದ್ದರಿಂದ ಬಂಧುಗಳೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ನಮ್ಮ ಈ ನಾಲ್ಕು ತಾಲೂಕುಗಳಲ್ಲಿ ಸೈನಿಕನ ಮನೆ ಎಲ್ಲೆಲ್ಲಿದೆಯೋ ನೋಡಿ. ಆ ಮನೆಯವರು ಚರ್ಚಿಗೆ ಹೋಗಲಿ, ಗುಡಿಗೆ ಹೋಗಲಿ, ಮಸೀದಿಗೆ ಹೋಗಲಿ, ನಮ್ಮ ಕೆಲಸ ಒಂದೇ. ಅಡಿಕೆ ಕೊಯ್ಲಿಗೆ ಆಳು ಸಿಗದಿದ್ದರೆ ಜೊತೆ ನಿಲ್ಲಿ. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಲು ಗಾಡಿ ಬೇಕಿದ್ದರೆ ಕೊಡಿ. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ಸಿಗುವ ನೆರವು ಅವರಿಗೆ ತಿಳಿಯದಿದ್ದರೆ ಓದಿದವರು ಅರ್ಜಿ ಬರೆದುಕೊಡಿ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನದಂದು ಡಬ್ಬಿಗೆ ಕಾಸು ಹಾಕುವುದರ ಜೊತೆಗೆ ಆ ಮನೆಯ ಬಾಗಿಲಿಗೂ ಒಮ್ಮೆ ಹೋಗಿ ಬನ್ನಿ. ಚರ್ಚಿನ ಹಿರಿಯರೇ, ಆರಾಧನೆಗೆ ಬರಲಾಗದ ಸೈನಿಕನ ಹೆಸರನ್ನು ಭಾನುವಾರದ ಪ್ರಾರ್ಥನೆಯಲ್ಲಿ ಹೇಳಿ, ಆರಾಧನೆ ಮುಗಿದ ಮೇಲೆ ಅವನ ಹೆಂಡತಿಯ ಹತ್ತಿರ ಕೂತು ಕ್ಷೇಮ ಕೇಳಿ.

ಗಡಿಯಲ್ಲಿ ಅವನು ನಮ್ಮ ಮನೆಗಳನ್ನು ಕಾಯುತ್ತಿದ್ದಾನೆ. ಅವನ ಮನೆಯನ್ನು ಕಾಯುವುದು ನಮ್ಮ ಪಾಲಿನ ಕರ್ತವ್ಯ. ಅದನ್ನು ಇವತ್ತಿನಿಂದಲೇ ಮಾಡೋಣ.