ಇರುವೆ ಕಡಿತವೆಂದು ಅಸಡ್ಡೆ ಬೇಡ
(ಜಾತ್ರೆಯ ಸಂದರ್ಭದ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ಮಾಡಿದ ಭಾಷಣ)



ನೊಳಂಬರ ರಾಜಧಾನಿಯಾಗಿ ಮೆರೆದ ಈ ಹೆಂಜೇರಿನಲ್ಲಿ, ಸಿದ್ಧೇಶ್ವರಸ್ವಾಮಿಯ ಸನ್ನಿಧಿಯಲ್ಲಿ ನಿಂತು ಇರುವೆಯ ಬಗ್ಗೆ ಮಾತನಾಡುವುದೇ ಎಂದು ಕೆಲವರಿಗೆ ನಗು ಬರಬಹುದು. ಆದರೆ ಜಾತ್ರೆಗೆ ಬಂದವರು ಬರಿಗಾಲಲ್ಲಿ ನಡೆಯುತ್ತಾರೆ, ಮರದಡಿ ಚಾಪೆ ಹಾಸಿ ಮಲಗುತ್ತಾರೆ. ಕೆಂಜಿರುವೆಯೂ ಅಲ್ಲೇ ಇರುತ್ತದೆ. ಆದ್ದರಿಂದ ಈ ಎರಡು ಮಾತು.

ವಿಜ್ಞಾನಿಗಳು ಸೊಲೆನಾಪ್ಸಿಸ್ ಜೆಮಿನಾಟಾ ಎಂದು ಕರೆಯುವ ಕೆಂಜಿರುವೆಯ ತವರು ಅಮೆರಿಕ ಖಂಡ. ನಮ್ಮ ಕಡಲೆಕಾಯಿ, ಮೆಣಸಿನಕಾಯಿಗಳ ಹಾಗೆ ಇದೂ ಕಡಲು ದಾಟಿ ಬಂದು ಇಲ್ಲಿಯದೇ ಆಗಿಹೋಗಿದೆ. ಇದು ಬಾಯಿಂದ ಚರ್ಮವನ್ನು ಕಚ್ಚಿ ಹಿಡಿದು, ಹಿಂಭಾಗದ ಕೊಂಡಿಯಿಂದ ಚುಚ್ಚುತ್ತದೆ. ವಿಷದಲ್ಲಿ ಉರಿ ತರುವ ರಾಸಾಯನಿಕವೇ ಹೆಚ್ಚು. ಅಲರ್ಜಿ ತರುವ ಪ್ರೋಟೀನು ಅತ್ಯಲ್ಪ. ಆದರೆ ಪ್ರಾಣಕ್ಕೆ ಕುತ್ತು ತರುವುದು ಆ ಅತ್ಯಲ್ಪವೇ.

ಕಡಿತದ ಪರಿಣಾಮವನ್ನು ಮೂರು ಬಗೆಯಾಗಿ ಗುರುತಿಸಬಹುದು. ಮೊದಲನೆಯದು, ಕಡಿದಲ್ಲಿ ಉರಿ, ತುರಿಕೆ, ದದ್ದು. ಮರುದಿನ ಕೆಲವರಿಗೆ ಸಣ್ಣ ಕೀವುಗುಳ್ಳೆ. ಅದನ್ನು ಒಡೆಯಬಾರದು. ಎರಡನೆಯದು, ಇಡೀ ಕೈಯೋ ಪಾದವೋ ಊದಿಕೊಂಡು ಎರಡು ಮೂರು ದಿನ ಇರುವುದು. ಇದು ತ್ರಾಸದಾಯಕವೇ ಹೊರತು ಸಾಮಾನ್ಯವಾಗಿ ಅಪಾಯವಲ್ಲ. ಇವೆರಡಕ್ಕೂ ಸೋಪು ನೀರಿನಲ್ಲಿ ತೊಳೆದು ತಣ್ಣೀರ ಬಟ್ಟೆ ಇಟ್ಟರೆ, ತುರಿಕೆಗೆ ವೈದ್ಯರು ಹೇಳಿದ ಮಾತ್ರೆ ತೆಗೆದುಕೊಂಡರೆ ಸಾಕು. ಸೀಮೆಎಣ್ಣೆ, ಸುಣ್ಣ ಹಚ್ಚುವುದು, ಬ್ಲೇಡಿನಲ್ಲಿ ಗೀರುವುದು ಬೇಡ.

ಮೂರನೆಯದೇ ಭಯಂಕರ. ಕಚ್ಚಿದ್ದು ಕಾಲಿಗೆ, ಆದರೆ ಮೈಯೆಲ್ಲ ದದ್ದು ಏಳುತ್ತದೆ, ತುಟಿ ರೆಪ್ಪೆ ಊದುತ್ತವೆ, ಗಂಟಲು ಬಿಗಿಯುತ್ತದೆ, ದನಿ ಕಟ್ಟುತ್ತದೆ, ಉಬ್ಬಸ, ವಾಂತಿ, ತಲೆಸುತ್ತು ಬರುತ್ತದೆ. ಕಡಿದ ಜಾಗದಿಂದ ದೂರದಲ್ಲಿ ಲಕ್ಷಣ ಕಂಡರೆ ಎಚ್ಚರ, ಉಸಿರಿಗೋ ಪ್ರಜ್ಞೆಗೋ ತೊಂದರೆಯಾದರೆ ಕೂಡಲೇ ಚಿಕಿತ್ಸೆ: ಇದನ್ನು ಮನಸ್ಸಿನಲ್ಲಿಡಿ. ಬಹುಪಾಲು ಇದು ಅರ್ಧ ಗಂಟೆಯೊಳಗೇ ಶುರುವಾಗುತ್ತದೆ. ಒಂದೇ ಇರುವೆ ಸಾಕು.

"ಹೋದ ವರ್ಷ ಕಚ್ಚಿದಾಗ ಏನೂ ಆಗಲಿಲ್ಲವಲ್ಲ" ಎನ್ನುವವರುಂಟು. ಫ್ರಾನ್ಸಿನ ಶಾರ್ಲ್ ರಿಶೆ 1902ರಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಮೊದಲ ಸಲ ಕಡಲಜೀವಿಯ ವಿಷ ತಡೆದುಕೊಂಡ ನಾಯಿ, ವಾರಗಳ ಬಳಿಕ ಸ್ವಲ್ಪವೇ ವಿಷಕ್ಕೆ ನಿಮಿಷಗಳಲ್ಲಿ ಸತ್ತಿತು. ಅವರು ಇದನ್ನು ಅನಫೈಲಾಕ್ಸಿಸ್ ಎಂದು ಕರೆದರು. 1913ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮೊದಲ ಕಡಿತ ದೇಹವನ್ನು ಸಜ್ಜುಗೊಳಿಸುತ್ತದೆ, ಮುಂದಿನದು ಆಪತ್ತು ತರಬಹುದು.

ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ರೋಗಿಯನ್ನು ಇರುವೆಯಿಂದ ದೂರ ಒಯ್ದು, ಅಂಟಿಕೊಂಡವನ್ನು ಬಟ್ಟೆಯಿಂದ ಒರೆಸಿ ತೆಗೆಯಿರಿ. ಅಂಗಾತ ಮಲಗಿಸಿ ಕಾಲು ಎತ್ತಿಡಿ, ಉಸಿರು ಕಟ್ಟುತ್ತಿದ್ದರೆ ಒರಗಿ ಕೂರಿಸಿ, ವಾಂತಿಯಾಗುತ್ತಿದ್ದರೆ ಮಗ್ಗುಲಾಗಿಸಿ. ಎದ್ದು ನಡೆಯಲು ಬಿಡಬೇಡಿ. 108ಕ್ಕೆ ಫೋನು ಮಾಡಿ. ಇದಕ್ಕೆ ಮದ್ದು ಅಡ್ರಿನಲಿನ್ ಇಂಜೆಕ್ಷನ್ನೇ: ತೊಡೆಯ ಹೊರಬದಿಯ ಸ್ನಾಯುವಿಗೆ, ದೊಡ್ಡವರಿಗೆ ಅರ್ಧ ಮಿಲಿಗ್ರಾಮ್, ಮಕ್ಕಳಿಗೆ ತೂಕದ ಪ್ರಕಾರ. ಗುಣ ಕಾಣದಿದ್ದರೆ ಐದು ನಿಮಿಷದಲ್ಲಿ ಮತ್ತೊಂದು. ಇದನ್ನು ವೈದ್ಯರೋ ತರಬೇತಾದ ಸಿಬ್ಬಂದಿಯೋ ಕೊಡಬೇಕು. ಅವಿಲ್, ಡೆಕ್ಸಾ ಚುಚ್ಚಿಸಿ ಮನೆಗೆ ಹೋಗುವುದು ಸಾಲದು. ಅವು ತುರಿಕೆ ಶಮನಕ್ಕೆ ನೆರವಾದಾವು, ಮುಚ್ಚುತ್ತಿರುವ ಗಂಟಲನ್ನು ತೆರೆಯಲಾರವು. ಚೇತರಿಸಿಕೊಂಡ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲಿರಬೇಕು, ಏಕೆಂದರೆ ಅದು ಮರುಕಳಿಸುವುದುಂಟು. ಮಂತ್ರ ಹಾಕಿಸುವ ನಂಬಿಕೆಯಿದ್ದವರು ಇಂಜೆಕ್ಷನ್ ಆದ ಮೇಲೆ ಹಾಕಿಸಲಿ, ನನ್ನ ತಕರಾರಿಲ್ಲ. ಒಮ್ಮೆ ಹೀಗಾದವರು ಕೆಲವು ವಾರಗಳ ನಂತರ ಅಲರ್ಜಿ ತಜ್ಞರನ್ನು ಕಂಡು ಪರೀಕ್ಷೆ ಮಾಡಿಸಲಿ. ಹೆಜ್ಜೇನು, ಕಣಜಗಳ ಕಡಿತಕ್ಕೂ ಈ ಮಾತು ಅನ್ವಯಿಸುತ್ತದೆ.

ಸಮಿತಿಯವರಲ್ಲಿ ಮೂರು ಬಿನ್ನಹ. ಜಾತ್ರೆಗೆ ಮುನ್ನ ದಾಸೋಹದ ಜಾಗ, ಮರದಡಿಗಳನ್ನು ಗುಡಿಸಿ ಕೆಂಜಿರುವೆ ಗೂಡುಗಳನ್ನು ಗುರುತಿಸಿ, ಅಲ್ಲಿ ಮಕ್ಕಳನ್ನು ಮಲಗಿಸದಂತೆ ಹೇಳಿ. ಆರೋಗ್ಯ ಶಿಬಿರದಲ್ಲಿ ಅಡ್ರಿನಲಿನ್ ಇದೆಯೇ ಎಂದು ಕೇಳಿ. ಅದು ದುಬಾರಿ ಔಷಧವಲ್ಲ. ಆಂಬುಲೆನ್ಸ್ ಬರುವ ದಾರಿಯಲ್ಲಿ ಅಂಗಡಿ ಹಾಕಿಸಬೇಡಿ. ಮಡಕಶಿರಾ ಆಗಲಿ ಶಿರಾ ಆಗಲಿ, ಇಲ್ಲಿಂದ ದೂರವೇ. ದಾರಿಯಲ್ಲಿ ಕಳೆಯುವ ಹೊತ್ತನ್ನು ಉಳಿಸಿಕೊಡುವುದು ನಮ್ಮ ಸಿದ್ಧತೆ ಒಂದೇ.

ದರ್ಶನಕ್ಕೆ ಬಂದ ಪ್ರತಿಯೊಬ್ಬರೂ ಸುಖವಾಗಿ ಮನೆ ಸೇರಲಿ.