ನೊಂದವರ ಮಾತಿಗೆ ಕಾವಲು

(ಶ್ರೀಮಠದ ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಭಾಷಣ)



ಊರುಬಿಟ್ಟು ಬಂದ ಮಕ್ಕಳಿಗೆ ಅನ್ನವಿಟ್ಟು ಓದಿಸುವ ಕಾರ್ಯವು ನಮ್ಮ ಮಠಗಳಿಗೆ ಹೊಸದಲ್ಲ. ಆದರೆ ವಿದ್ಯೆಯನ್ನರಸಿ ಬಂದವರಿಗೆ ಅನ್ನದಷ್ಟೇ ಅವಶ್ಯವಾದ ಇನ್ನೊಂದು ವಸ್ತುವುಂಟು, ಅದು ಅಭಯ.

ಹಲವು ವರ್ಷಗಳ ಹಿಂದೆ ನಾನು ಒಂದು ಕಾಲೇಜಿನಲ್ಲಿ ಅಧ್ಯಾಪಕನಾಗಿದ್ದಾಗ ವಿದ್ಯಾರ್ಥಿನಿಯೊಬ್ಬಳು ಬಂದು, ತನ್ನ ಉತ್ತರಪತ್ರಿಕೆಗಳನ್ನು ತಿದ್ದತಕ್ಕ ಹಿರಿಯರೊಬ್ಬರ ನಡತೆಯು ತನಗೆ ಸಹಿಸಲಾಗದಂತಿದೆಯೆಂದು ಹೇಳಿ ಕಣ್ಣೀರಿಟ್ಟಳು. ನಾನು ಸದುದ್ದೇಶದಿಂದಲೇ, ಆದರೆ ಆಕೆಯನ್ನು ಕೇಳದೆ, ಅದನ್ನು ಇಬ್ಬರು ಮಿತ್ರರೊಡನೆ ಆಡಿದೆನು. ಸಂಜೆಯೊಳಗಾಗಿ ಸುದ್ದಿಯು ಎಲ್ಲೆಡೆಗೂ ಹಬ್ಬಿತು. ಮುಂದಿನ ವಾರ ಆಕೆಯ ಸ್ಥಾನವು ಬರಿದಾಯಿತು. ಆ ಹಿರಿಯರು ಮಾತ್ರ ಪಾಠ ಹೇಳುತ್ತಲೇ ಇದ್ದರು. ಆ ಹುಡುಗಿಯ ಓದು ನಿಂತುದಕ್ಕೆ ನನ್ನ ನಾಲಗೆಯೂ ಕಾರಣವಾಯಿತು.

ಅಂದಿನಿಂದ ನಾನು ಕಲಿತುದು ಇಷ್ಟು: ನೊಂದವರ ಹೆಸರನ್ನು ಕಾಯುವುದು ಬೇರೆ, ತಪ್ಪನ್ನು ಮುಚ್ಚುವುದು ಬೇರೆ. ಮೊದಲನೆಯದು ಧರ್ಮ, ಎರಡನೆಯದು ಸಂಸ್ಥೆಯ ಕೀರ್ತಿಯ ನೆಪದಲ್ಲಿ ಮಾಡುವ ಅಧರ್ಮ.

ಈ ಭೇದವನ್ನು ಈಗ ಕಾನೂನೂ ಅಂಗೀಕರಿಸಿದೆ. 1997ರಲ್ಲಿ ಸುಪ್ರೀಂ ಕೋರ್ಟು ವಿಶಾಖಾ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪನ್ನು ಅನುಸರಿಸಿ 2013ರಲ್ಲಿ ಶಾಸನವಾಯಿತು. ಅದರಂತೆ ಹತ್ತು ಅಥವಾ ಹೆಚ್ಚು ಮಂದಿ ಕೆಲಸಮಾಡುವ ಸಂಸ್ಥೆಯಲ್ಲಿ ಹಿರಿಯ ಮಹಿಳೆಯೊಬ್ಬರ ಅಧ್ಯಕ್ಷತೆಯ ಆಂತರಿಕ ಸಮಿತಿಯು ಇರತಕ್ಕದ್ದು. ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಮಹಿಳೆಯರೂ ಹೊರಗಿನವರೊಬ್ಬರೂ ಇರಬೇಕು. ದೂರಿತ್ತವಳ, ದೂರಿಗೊಳಗಾದವನ, ಸಾಕ್ಷಿಗಳ ಹೆಸರುಗಳನ್ನು ಪ್ರಕಟಿಸಕೂಡದು. ವಿಚಾರಣೆಯು 90 ದಿನಗಳಲ್ಲಿ ಮುಗಿಯಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ 2015ರ ನಿಯಮಾವಳಿಯು ಈ ರಕ್ಷಣೆಯನ್ನು ಗಂಡುಮಕ್ಕಳಿಗೂ ತೃತೀಯ ಲಿಂಗದ ವಿದ್ಯಾರ್ಥಿಗಳಿಗೂ ವಿಸ್ತರಿಸಿತು. ವಿಚಾರಣೆಯ ಕಾಲದಲ್ಲಿ, ದೂರಿಗೊಳಗಾದವನು ದೂರಿತ್ತವರ ಪರೀಕ್ಷೆಗಳ ಮೌಲ್ಯಮಾಪನ ಮಾಡದಂತೆ ತಡೆಯಲೂ ಅದರಲ್ಲಿ ಅವಕಾಶವುಂಟು. ಅಂದು ಇಂಥದೊಂದು ನಿಯಮವಿದ್ದಿದ್ದರೆ ಎಂದು ನಾನು ಎಷ್ಟೋ ಸಲ ನೆನೆದಿದ್ದೇನೆ.

ಆದರೆ ಕೇಳುವವರು ಸುಳ್ಳು ಭರವಸೆಯನ್ನು ಕೊಡಲಾಗದು. ಲಿಖಿತ ದೂರು ಬಂದಮೇಲೆ, ನ್ಯಾಯಕ್ಕಾಗಿ ಅದರ ಪ್ರತಿಯು ಎದುರು ಪಕ್ಷಕ್ಕೆ ಹೋಗಲೇಬೇಕು. 18 ವರ್ಷ ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ, 2012ರ ಪೋಕ್ಸೋ ಶಾಸನದಂತೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಅಲ್ಲಿ ಮೌನವೇ ಅಪರಾಧ. ಈ ಎಲ್ಲೆಗಳನ್ನು ಮೊದಲೇ ಮೃದುವಾಗಿ ಹೇಳಿ, ಅನಂತರ ಕಿವಿಗೊಡಬೇಕು. ಹೇಳಬಂದವರು ವಯಸ್ಕರಾಗಿದ್ದರೆ, ದೂರು ಕೊಡುವುದೋ ಬೇಡವೋ ಎಂಬ ನಿರ್ಧಾರವನ್ನು ಅವರಿಗೇ ಬಿಡಬೇಕು.

ಆದುದರಿಂದ ನನ್ನ ಪ್ರಾರ್ಥನೆ ಇಷ್ಟೆ. ಪ್ರತಿಯೊಂದು ಶಾಲೆಯಲ್ಲಿಯೂ ನಿಲಯದಲ್ಲಿಯೂ ಮಕ್ಕಳೂ ಸಿಬ್ಬಂದಿಯೂ ನಿರ್ಭಯವಾಗಿ ಹೋಗಿ ಮಾತಾಡತಕ್ಕ ಒಬ್ಬ ವಿಶ್ವಾಸಿಗಳಿರಲಿ. ಅವರ ಹೆಸರು ಎಲ್ಲರ ಕಣ್ಣಿಗೆ ಬೀಳುವ ಫಲಕದಲ್ಲಿರಲಿ. ಅಡಿಗೆಮನೆಯ ಆಳಿನಿಂದ ಪ್ರಾಂಶುಪಾಲರವರೆಗೆ ಯಾರ ಮೇಲೆ ದೂರು ಬಂದರೂ ತೂಗುವ ತಕ್ಕಡಿಯು ಒಂದೇ ಆಗಿರಲಿ. ಮನೆಗೆ ಬಂದ ಮಗಳು ಏನನ್ನಾದರೂ ಹೇಳಿಕೊಂಡರೆ, ಜನರೇನೆಂದಾರೆಂಬ ಮಾತು ನಿಮ್ಮ ಬಾಯಿಂದ ಮೊದಲು ಹೊರಡದಿರಲಿ.

ನನ್ನಿಂದ ಅಂದು ಆಗದುದು ನಿಮ್ಮಿಂದ ಇಂದು ಆಗಲೆಂದು ಬೇಡಿ ವಿರಮಿಸುತ್ತೇನೆ.